ಹೆಣ್ಣು ಕುದುರೆ ಬಾಲದ ಹಗ್ಗ

ಟೈವಿ ನದಿಯ ದಂಡೆಯ ನಮ್ಮೂರಿನಲ್ಲಿ ಲೀಸಿ ಎಂಬ ಹೆಸರಿನವರು ಮೂವರಿದ್ದರು: ಗಿರಣಿ ಲೀಸಿ, ಕುಂಟು ಲೀಸಿ, ಹಗ್ಗದ ಲೀಸಿ. ಮೊದಲಿಬ್ಬರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಉಂಡರು, ಉಟ್ಟರು, ವಯಸ್ಸಾಗಿ ಸತ್ತರು. ಹಗ್ಗದ ಲೀಸಿಯ ಮಾತು ಬೇರೆ. ಅವಳು ಬದುಕಿದ್ದ ಎಪ್ಪತ್ತೊಂದು ವರ್ಷಗಳಲ್ಲಿ ಒಂದೇ ಒಂದು ಮಧ್ಯಾಹ್ನ ಊರಿಗೆಲ್ಲ ನೆನಪಿದೆ. ಅದನ್ನೂ ಊರು ಅರ್ಧ ತಪ್ಪಾಗಿ ನೆನಪಿಟ್ಟುಕೊಂಡಿದೆ.

ಹಸುವಿನ ಬಾಲದ ಕೂದಲಿನಿಂದ ಹಗ್ಗ ಹೊಸೆಯುವುದು ಅವಳ ಕಸುಬು, ಅಪ್ಪನಿಂದ ಬಂದದ್ದು. ನಮ್ಮ ಹರಿಗೋಲಿನವರ ಬಲೆಯ ಅಂಚಿಗೆ ಬೇರೆ ಹಗ್ಗ ಆಗಿಬರುವುದಿಲ್ಲ. ನಾರಿನ ಹಗ್ಗ ನೀರು ಕುಡಿದು ಭಾರವಾಗುತ್ತದೆ, ಕೊಳೆಯುತ್ತದೆ, ಒದ್ದೆ ಕೈಯಲ್ಲಿ ಜಾರುತ್ತದೆ. ಕೂದಲಿನ ಹಗ್ಗ ಒರಟು, ಹಿಡಿದರೆ ಹಿಡಿದದ್ದೇ. ಸಾಲ್ಮನ್ ಮೀನು ಬಲೆಗೆ ಮೂತಿ ತಗುಲಿಸಿದರೂ ಬೆರಳಿಗೆ ಸುದ್ದಿ ಮುಟ್ಟಿಸುತ್ತದೆ. ಚರ್ಮ ಹದ ಮಾಡುವವರಿಂದ ಬಾಲದ ಕುಚ್ಚು ತಂದು, ಹೊಳೆಯಲ್ಲಿ ಜಾಲಿಸಿ, ಬಿಸಿಲಿಗೆ ಹರವಿ, ಬಾಚಿ, ಎಳೆ ತೆಗೆದು, ಮೂರೆಳೆ ಸೇರಿಸಿ ಹೊಸೆಯುವಳು. ಎತ್ತಿನ ಬಾಲ ನಡೆಯುತ್ತದೆ. ಗಂಡು ಕುದುರೆಯದೂ ನಡೆದೀತು. ಹೆಣ್ಣು ಕುದುರೆಯದು ಮಾತ್ರ ಕೂಡದು. ಅದು ಉಚ್ಚೆ ಹೊಯ್ದರೆ ಬಾಲಕ್ಕೇ ಸಿಡಿಯುತ್ತದೆ. ವರ್ಷಗಟ್ಟಲೆ ಅದರಲ್ಲೇ ನೆನೆದ ಕೂದಲು ನೋಡುವುದಕ್ಕೆ ಉದ್ದ, ನಯ, ಹೊಳಪು. ಒಳಗೆ ಮಾತ್ರ ಒಣಹುಲ್ಲು. ಹಸುವೂ ಹೆಣ್ಣೇ ಅಲ್ಲವೇ ಎಂದು ಕೇಳಬೇಡಿ. ಅದಕ್ಕೆ ಉತ್ತರ ನಮ್ಮ ಹತ್ತಿರ ಇಲ್ಲ, ಹಗ್ಗದ ಹತ್ತಿರ ಇದೆ. ಮಾತಿಗೆ ತಪ್ಪುವವನನ್ನು ನಮ್ಮ ಕಡೆ 'ಹೆಣ್ಣು ಕುದುರೆ ಬಾಲ' ಎಂದೇ ಬೈಯುತ್ತೇವೆ.

ಲೀಸಿಗೆ ಮದುವೆಯಾಗಲಿಲ್ಲ. ತಾಯಿ ಸತ್ತಾಗ ಅವಳಿಗೆ ಹದಿನಾರು, ತಮ್ಮ ಎಮ್ಲಿನ್‌ಗೆ ಮೂರು. ಅವನಿಗೆ ತುತ್ತು ಮಾಡಿ ತಿನ್ನಿಸಿದವಳು ಅವಳು, ಚಡ್ಡಿ ಹೊಲಿದವಳು ಅವಳು, ಹೊಳೆಗಿಳಿಯಲು ಕಲಿಸಿದವಳೂ ಅವಳೇ. ಅವನು ಬೆಳೆದು ಹರಿಗೋಲಿನವನಾದ. ಹೆಟಿ ಎಂಬ ಗಟ್ಟಿಗಿತ್ತಿಯನ್ನು ಮದುವೆಯಾಗಿ ಅಕ್ಕನ ಮನೆಯೆದುರೇ ಸಂಸಾರ ಹೂಡಿದ. ಮೂವತ್ತೊಂಬತ್ತು ವರ್ಷದ ಗಂಡಸು, ಈಗಲೂ ಬೆಳಿಗ್ಗೆ ಎದ್ದರೆ ಅಕ್ಕನ ಮನೆಯಲ್ಲೇ ಮೊದಲ ಚಹಾ. "ನಿನ್ನ ಗಂಡ ನನ್ನನ್ನ ಬಿಟ್ಟು ನಿನ್ನನ್ನ ಕಟ್ಕೊಂಡಿದ್ದು ಸೂಪು ಚೆನ್ನಾಗಿ ಮಾಡ್ತೀಯ ಅಂತ ಕಣೇ," ಎಂದು ಲೀಸಿ ನಾದಿನಿಯನ್ನು ಕಾಡಿಸುವಳು. ಹೆಟಿ ಸೌಟು ಎತ್ತುವಳು. ಹೀಗೆ ಚೆನ್ನಾಗಿಯೇ ಇದ್ದರು.

ಎರಡು ಮಹಾಯುದ್ಧಗಳ ನಡುವಿನ ಆ ವರ್ಷ ಚರ್ಮ ಹದ ಮಾಡುವ ಕಾರ್ಖಾನೆ ಚಳಿಗಾಲವೆಲ್ಲ ಮುಚ್ಚಿತ್ತು. ಕೂದಲಿಗೆ ಬರ. ಅಂಥದ್ದರಲ್ಲಿ ಬ್ರಿನ್‌ಮೌರ್ ಜಮೀನಿನ ಎಬೆನ್, ಕಣಿವೆಯಲ್ಲೇ ದೊಡ್ಡ ಕುರಿಹಿಂಡಿನ ಯಜಮಾನ, ಬಾಗಿಲಲ್ಲಿ ನಿಂತು ಹುಲ್ಲಿನ ಮೆದೆ ಬಿಗಿಯಲು ಇಪ್ಪತ್ತು ಮಾರು ಹಗ್ಗ ಬೇಕೆಂದ.

"ಜೂನ್ ಒಳಗೆ ಕೊಡ್ತೀಯೋ ಇಲ್ವೋ ಹೇಳ್ಬಿಡು ಲೀಸಿ. ಇಲ್ದಿದ್ರೆ ಆಬೆರ್‌ಟೈವಿ ಪೇಟೇಲಿ ಯಂತ್ರದ ಹಗ್ಗ ಬಂದಿದೆ. ಬೆಳ್ಳಗೆ, ನುಣ್ಣಗೆ. ಒಂದ್ಸಲ ಜನ ಅದಕ್ಕೆ ಕೈ ಇಟ್ರು ಅಂದ್ರೆ ನಿನ್ನ ರಾಟೆ ಒಲೆಗೇ."

"ಕೊಡ್ತೀನಿ. ಯಾವತ್ತು ಕೊಟ್ಟಿಲ್ಲ?" ಎಂದಳು ಲೀಸಿ.

ಕೊಡಲು ಕೂದಲಿರಲಿಲ್ಲ. ಕಮ್ಮಾರನ ಅಂಗಳದಲ್ಲಿ ಸತ್ತ ಬೂದು ಕುದುರೆಯೊಂದರ ಬಾಲ ಬಿದ್ದಿತ್ತು. ಹೆಣ್ಣು ಕುದುರೆ. ಅವಳು ಎರಡು ದಿನ ಅದರ ಮುಂದೆ ಹಾದುಹೋದಳು, ಮೂರನೇ ದಿನ ಏಪ್ರನ್ನಿನಲ್ಲಿ ಸುತ್ತಿ ತಂದಳು. ಹುಲ್ಲು ಕಟ್ಟುವುದಕ್ಕೆ ತಾನೇ? ಮೆದೆ ಎಲ್ಲಿಗೆ ಓಡಿಹೋಗುತ್ತದೆ? ಮೂರೆಳೆಯಲ್ಲಿ ಎರಡೆಳೆ ಅದನ್ನೇ ಸೇರಿಸಿದಳು. ಬೂದು ಬಣ್ಣ ಕಾಣದಿರಲೆಂದು ಆಲ್ಡರ್ ಮರದ ತೊಗಟೆ ಕುದಿಸಿದ ಕಪ್ಪು ನೀರಲ್ಲಿ ಅದ್ದಿದಳು. ಅಟ್ಟದ ತೊಲೆಗೆ ಕಟ್ಟಿ ಎರಡು ಬೀಸುಕಲ್ಲು ತೂಗುಹಾಕಿ ನೋಡಿದಳು, ತಡೆಯಿತು. ಬಾಗಿಲ ಹಿಂದಿನ ಗೂಟಕ್ಕೆ ಸುತ್ತಿ ಹಾಕಿದಳು. ಆಮೇಲೆ ಆ ಗೂಟದ ಕಡೆ ನೋಡುತ್ತಿರಲಿಲ್ಲ.

ಜೂನ್ ಎರಡನೇ ವಾರ ನಮ್ಮಲ್ಲಿ ಕುರಿ ತೊಳೆಯುವ ದಿನ. ಉಣ್ಣೆ ಕತ್ತರಿಸುವ ಮುಂಚೆ ಎಲ್ಲ ಜಮೀನಿನ ಕುರಿಗಳನ್ನೂ ಮಡುವಿಗೆ ಅಟ್ಟಿಕೊಂಡು ಬರುತ್ತಾರೆ. ಮಡುವಿನ ತಲೆಯಲ್ಲಿ ಚಪ್ಪಟೆ ಬಂಡೆ. ಅಲ್ಲಿಂದ ಒಂದೊಂದೇ ಕುರಿಯನ್ನು ಎತ್ತಿ ನೀರಿಗೆ ಎಸೆಯುತ್ತಾರೆ. ಅದು ಮುಳುಗಿ, ಎದ್ದು, ಅರಚಿಕೊಂಡು, ಕೆಳಗೆ ಜಲ್ಲಿಕಲ್ಲಿನ ದಡ ಹತ್ತಬೇಕು. ಹತ್ತದಿದ್ದರೆ ಮಡುವಿನ ಬಾಲಕ್ಕೆ ತೇಲಿಹೋಗುತ್ತದೆ. ಬಾಲದ ಕೆಳಗೆ ಹೊಳೆಯೆಲ್ಲ ಎರಡು ಕಪ್ಪು ಬಂಡೆಗಳ ನಡುವೆ ನುಗ್ಗಿ ಬೀಳುವ ಜಾಗ. ಅದನ್ನು ಗಂಟಲು ಎನ್ನುತ್ತೇವೆ. ಗಂಟಲು ನುಂಗಿದ್ದನ್ನು ವಾಪಸ್ಸು ಕೊಟ್ಟದ್ದು ಕಡಿಮೆ. ಅದಕ್ಕೇ ಅಲ್ಲೊಬ್ಬ ಹರಿಗೋಲಿನಲ್ಲಿ ಕೂತು, ಸೋತ ಕುರಿಯನ್ನು ಗದ್ದ ಹಿಡಿದು ದಡದ ಕಡೆ ತಿರುಗಿಸಬೇಕು. ಅವನನ್ನು ಬಾಲದವನು ಎಂದು ಕರೆಯುತ್ತೇವೆ. ಬಂಡೆಯ ಕಬ್ಬಿಣದ ಉಂಗುರದಿಂದ ಅವನ ಹರಿಗೋಲಿನ ಹಲಗೆಗೆ ಇಪ್ಪತ್ತು ಮಾರು ಕೂದಲಿನ ಹಗ್ಗ. ಹನ್ನೆರಡು ವರ್ಷದಿಂದ ಬಾಲದವನು ಎಮ್ಲಿನ್, ಹಗ್ಗ ಲೀಸಿಯ ಅಪ್ಪ ಹೊಸೆದದ್ದು.

ಆ ಬೆಳಿಗ್ಗೆ ಗಿರಣಿಯ ಅಟ್ಟದಿಂದ ಹಗ್ಗ ಇಳಿಸಿದರೆ ಅದರಲ್ಲಿ ಇಲಿ ಗೂಡು ಕಟ್ಟಿ ಮರಿ ಹಾಕಿತ್ತು. ಹಗ್ಗ ನಾಲ್ಕು ಕಡೆ ತುಂಡು.

"ಅಕ್ಕನ ಮನೇಲಿ ಹೊಸದೊಂದು ನೇತಾಕಿದೆ, ಎಬೆನ್‌ದು," ಎಂದ ಎಮ್ಲಿನ್. ಓಡಿಹೋದ. ಲೀಸಿ ಮನೆಯಲ್ಲಿರಲಿಲ್ಲ, ಎದುರುಮನೆಯ ಅಡಿಗೆಮನೆಯಲ್ಲಿ ಹೆಟಿಯ ಜೊತೆ ಐವತ್ತು ಜನಕ್ಕೆ ಬ್ರೆಡ್ಡು ಕೊಯ್ಯುತ್ತಿದ್ದಳು. ಬಾಗಿಲ ಹಿಂದಿನ ಗೂಟದಿಂದ ಅವನೇ ಎತ್ತಿಕೊಂಡ. ಎಳೆದು ನೋಡಿದನೇ? ಇಲ್ಲ. ಅಕ್ಕ ಹೊಸೆದದ್ದು, ನೋಡುವುದೇನಿದೆ?

ಹನ್ನೊಂದೂವರೆಗೆ ಲೀಸಿ ಬ್ರೆಡ್ಡು, ಚೀಸಿನ ಬುಟ್ಟಿ ಹೊತ್ತು ಹೊಳೆಗೆ ಬಂದಳು, ಹಿಂದೆಯೇ ಟೀ ಪಾತ್ರೆ ಹಿಡಿದು ಹೆಟಿ. ಕುರಿಗಳ ಅರಚಾಟ, ನಾಯಿಗಳ ಬೊಗಳಾಟ, ಗಂಡಸರ ಕೂಗಾಟ. ಗೋಡೆಯ ಮೇಲೆ ದರ್ಜಿ ಶಾಡ್ರಾಕ್ ಎಣಿಸುತ್ತ ಕೂತಿದ್ದ. ಇಪ್ಪತ್ತು ಕುರಿ ನೀರಿಗೆ ಬಿದ್ದರೆ ಒಂದು ಬೆಣಚುಕಲ್ಲನ್ನು ತಗಡಿನ ಡಬ್ಬಿಗೆ ಎಸೆಯುವನು, ಠಣ್ ಎನ್ನುವುದು. ನೂರರ ಲೆಕ್ಕ ನಮಗೆ ಶಾಲೆಯಲ್ಲಿ ಮಾತ್ರ, ಕುರಿಗೆ ಇಪ್ಪತ್ತರದೇ.

"ಹನ್ನೊಂದು!" ಎಂದು ಕೂಗಿ ಶಾಡ್ರಾಕ್ ಕಲ್ಲು ಎಸೆದ. ಆಗಲೇ ದೂರದಲ್ಲಿ ಎಮ್ಲಿನ್ ಅಕ್ಕನನ್ನು ನೋಡಿ ಹುಟ್ಟು ಮೇಲೆತ್ತಿ ಬೀಸಿದ. "ಅಕ್ಕಾ! ಬುಟ್ಟೀನ ಎಬೆನ್ ಕೈಗೆ ಕೊಡ್ಬೇಡ, ಖಾಲಿ ಮಾಡ್ತಾನೆ!"

ಅವಳೂ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಉಂಗುರದಿಂದ ಹೊರಟು ನೀರ ಮೇಲೆ ತೇಲಿಕೊಂಡು ತಮ್ಮನವರೆಗೆ ಹೋಗಿದ್ದ ಹಗ್ಗ ಕಪ್ಪಗಿತ್ತು. ಅಪ್ಪ ಹೊಸೆದದ್ದು ಕೆಂಚು. ತಾನು ಹೊಸೆದ ಹಗ್ಗ ತಾಯಿಗೆ ಮಗುವಿದ್ದ ಹಾಗೆ, ಸಂತೆಯಲ್ಲಿಟ್ಟರೂ ಗುರುತು ಸಿಗುತ್ತದೆ. ಬುಟ್ಟಿ ಕೆಳಗಿಟ್ಟಳೋ ಬೀಳಿಸಿದಳೋ ಅವಳಿಗೇ ಗೊತ್ತಾಗಲಿಲ್ಲ.

ಕೂಗಬೇಕು. ಕೂಗಿದರೆ? ಕಣಿವೆಯ ಒಂಬತ್ತು ಜಮೀನಿನವರೂ ಇಲ್ಲೇ ಇದ್ದಾರೆ. ಹಗ್ಗದ ಲೀಸಿ ಹೆಣ್ಣು ಕುದುರೆ ಬಾಲ ಸೇರಿಸಿ, ಬಣ್ಣ ಹಾಕಿ ಮುಚ್ಚಿದಳು ಎಂದು ಸಂಜೆಯ ಹೊತ್ತಿಗೆ ಸಮುದ್ರದವರೆಗೂ ಸುದ್ದಿ ಹೋಗುತ್ತದೆ. ಅಪ್ಪನ ಹೆಸರು, ತನ್ನ ಹೆಸರು, ಮೂವತ್ತಾರು ವರ್ಷದ ಕೈಕೆಲಸ ಎಲ್ಲ ಮಣ್ಣುಪಾಲು. ಹೊಳೆ ಇವತ್ತು ಇಳಿದು ಸಾಧುವಾಗಿದೆ. ಎಮ್ಲಿನ್ ಹರಿಗೋಲಿನಲ್ಲಿ ತೂಕಡಿಸಿದರೂ ಏನೂ ಆಗುವುದಿಲ್ಲ. ಎರಡು ಬೀಸುಕಲ್ಲು ತಡೆದ ಹಗ್ಗ ಒಬ್ಬ ಮನುಷ್ಯನನ್ನು ತಡೆಯದೇ?

ಅವಳು ಬಂಡೆಯ ಹತ್ತಿರ ಹೋದಳು. ಉಂಗುರದ ಪಕ್ಕ ಎಬೆನ್ ತೋಳು ಮಡಿಸಿ, ತನ್ನ ಕುರಿಗಳನ್ನು ಬೇರೆಯವರು ಎತ್ತಿ ಎಸೆಯುವುದನ್ನು ನೋಡುತ್ತ ನಿಂತಿದ್ದ.

"ಎಬೆನ್, ಈ ಹಗ್ಗ ಹೊಸದು ಮಾರಾಯ, ಇನ್ನೂ ಪಳಗಿಲ್ಲ. ನಿನ್ನ ಗಾಡಿ ಹಗ್ಗ ಬಿಚ್ಚಿಕೊಡು. ಊಟಕ್ಕೆ ನಿಲ್ಲಿಸಿ ಬದಲಾಯ್ಸೋಣ."

"ಯಾಕೆ, ನಿನ್ನ ಹಗ್ಗಕ್ಕೆ ನೀರಿಗಿಳಿದ್ರೆ ನೆಗಡಿ ಆಗತ್ತಾ?" ಎಂದ ಎಬೆನ್. ಸುತ್ತಲಿದ್ದವರು ನಕ್ಕರು. "ನನ್ನ ಮೆದೆ ಹಗ್ಗ ಇದು. ನನ್ನ ಹಗ್ಗಕ್ಕೆ ನಿನ್ನ ತಮ್ಮ ಜೋತಾಡ್ತಿದಾನೆ. ತಕರಾರು ಮಾಡಬೇಕಾದೋನು ನಾನು."

"ಹಾಗಲ್ಲ..."

"ಇನ್ನೂರು ಕುರಿ ಬಾಕಿ ಇವೆ ಲೀಸಿ, ಮಧ್ಯದಲ್ಲಿ ನಿಲ್ಲಿಸಿದ್ರೆ ಹಿಂಡು ಚದುರತ್ತೆ. ಹೋಗು, ಟೀ ಕೊಡು."

"ಹನ್ನೆರಡು!" ಎಂದ ಶಾಡ್ರಾಕ್. ಠಣ್.

ಅವಳು ಹೋಗಿ ಟೀ ಕೊಟ್ಟಳು. ಎಂಥ ಹೆಂಗಸು ಎನ್ನಬೇಡಿ. ನಾಲಿಗೆ ಒಂದೊಂದು ಸಲ ಅಂಗುಳಕ್ಕೆ ಅಂಟಿಬಿಡುತ್ತದೆ, ಅಂಟಿದವರಿಗೇ ಗೊತ್ತು. ಟೀ ಸುರಿಯುತ್ತ ಸುರಿಯುತ್ತ ಕಣ್ಣು ಹಗ್ಗದ ಮೇಲೇ ಇತ್ತು. ಕುರಿಯೊಂದು ಹಗ್ಗಕ್ಕೆ ಅಡ್ಡ ಬಿದ್ದರೆ ಹಗ್ಗ ಜಗ್ಗುವುದು, ನಡುಗುವುದು, ಮತ್ತೆ ಸಡಿಲಾಗುವುದು.

"ಏನಾಯ್ತು ನಿಂಗೆ? ಬಸಿ ತುಂಬಿ ನೆಲಕ್ಕೆ ಹೋಗ್ತಿದೆ," ಎಂದಳು ಹೆಟಿ.

"ಬಿಸಿಲು ಕಣೇ."

"ಎಲ್ಲಿದೆ ಬಿಸಿಲು? ಆಗ್ಲೇ ಹೋಯ್ತು."

ನಿಜ. ಪೂರ್ವದ ಗುಡ್ಡಗಳ ಮೇಲೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ನಮ್ಮ ಟೈವಿಗೆ ಎರಡು ಥರದ ಸಿಟ್ಟಿದೆ. ಬೆಟ್ಟದ ಮೇಲಿನ ಕೆರೆಗಳಿಂದ ಇಳಿದು, ಟ್ರೆಗರೋನಿನ ಕೆಂಪು ಜೌಗಿನಲ್ಲಿ ಮೈಲಿಗಟ್ಟಲೆ ಒರಗಿ ಬರುವ ಸಿಟ್ಟು ನಿಧಾನದ್ದು. ಜೌಗು ಅದನ್ನು ಹೀರಿಕೊಂಡು, ಒಂದು ಹಗಲು ತಡೆದು, ನೀರನ್ನು ಟೀ ಬಣ್ಣಕ್ಕೆ ತಿರುಗಿಸಿ, ಹೇಳಿ ಕೇಳಿ ಕಳಿಸುತ್ತದೆ. ಇನ್ನೊಂದು ನಮ್ಮೂರ ಮೇಲೆ ಎರಡೇ ಮೈಲಿಯಲ್ಲಿ ಬಂದು ಸೇರುವ ಕ್ಲೆಟೂರ್ ಹಳ್ಳದ್ದು. ಅದಕ್ಕೆ ಜೌಗಿಲ್ಲ, ಹಿರಿಯರಿಲ್ಲ. ಗುಡ್ಡದಲ್ಲಿ ಗುಡುಗಿದರೆ ಅರ್ಧ ಗಂಟೆಯಲ್ಲಿ ನಮ್ಮ ಬಾಗಿಲಲ್ಲಿರುತ್ತದೆ.

"ಹದಿಮೂರು!" ಠಣ್.

ಲೀಸಿ ಬಸಿ ಬಿಟ್ಟು ನೀರಿನ ಅಂಚಿಗೆ ಹೋದಳು. ದಿನಾ ಕೂದಲು ಜಾಲಿಸುವ ಜಾಗ ಅದು. ಅಲ್ಲಿ ಕೂತು ಕೂತು ಅವಳಿಗೆ ಹೊಳೆಯ ಜೀವಗಳೆಲ್ಲ ನೆರೆಹೊರೆಯವರಂತೆ ಗೊತ್ತು. ಈಗ ಹಗ್ಗ ಸ್ಪಷ್ಟವಾಗಿ ಕಂಡಿತು. ತೊಗಟೆಯ ಬಣ್ಣ ನೀರಿಗೆ ಬಿಡುತ್ತಿತ್ತು. ಉಂಗುರದ ಹತ್ತಿರ ಇನ್ನೂ ಕಪ್ಪು, ನಡುವೆ ಅಲ್ಲಲ್ಲಿ ಬೂದು ಎಳೆ ಹಲ್ಲುಕಿರಿದಂತೆ ಎದ್ದು ಕಾಣುತ್ತಿತ್ತು. ಎಬೆನ್ ಒಂದು ಸಲ ಕತ್ತು ಬಗ್ಗಿಸಿ ನೋಡಿದರೆ ಸಾಕು. ಅವನು ನೋಡಿಬಿಡಲಿ ದೇವರೇ, ನಾನು ಹೇಳುವುದು ತಪ್ಪಲಿ ಎಂದು ಬೇಡಿಕೊಂಡಳು. ನೋಡದಿರಲಿ ಎಂದೂ ಬೇಡಿಕೊಂಡಳು. ಎರಡೂ ಒಂದೇ ಉಸಿರಿನಲ್ಲಿ.

ಮಡುವಿನ ನಡುವೆ ಒಂದು ಗುಂಡುಕಲ್ಲಿದೆ. ಅದರ ಮೇಲೆ ಬಿಳಿ ಎದೆಯ ಕರಿಹಕ್ಕಿಯೊಂದು ಯಾವಾಗಲೂ ಮೊಣಕಾಲು ಬಗ್ಗಿಸಿ ನಮಸ್ಕಾರ ಮಾಡುತ್ತ ಕೂತಿರುತ್ತದೆ. ನಾವು ಅದನ್ನು ನೀರ ಬಿಳಿಯೆದೆ ಎನ್ನುತ್ತೇವೆ. ನೀರೊಳಗೆ ಮುಳುಗಿ ನೆಲದ ಮೇಲೆ ನಡೆದು ಹುಳ ಹೆಕ್ಕುವ ಹಕ್ಕಿ. ಇಷ್ಟು ಕುರಿಗಳ ಗಲಾಟೆಗೂ ಅದು ಜಾಗ ಬಿಟ್ಟಿರಲಿಲ್ಲ. ಈಗ ಕಲ್ಲು ಖಾಲಿ. ಹಕ್ಕಿ ದಡದ ಎತ್ತರದ ಬೇರಿನ ಮೇಲೆ ಕೂತು ಚಿಟ್ ಚಿಟ್ ಅನ್ನುತ್ತಿತ್ತು. ಲೀಸಿ ಕಾಲ ಬಳಿ ನೋಡಿದಳು. ಬೆರಳುದ್ದದ ಮೀನುಮರಿಗಳು ನೂರಾರು, ಒಂದಕ್ಕೊಂದು ಒತ್ತಿಕೊಂಡು ದಡದ ಹುಲ್ಲಿನ ಬುಡಕ್ಕೆ ಬಂದಿದ್ದವು. ಕುರಿಗೆ ಹೆದರಿ ಬಂದವಲ್ಲ. ಕುರಿಗೆ ಹೆದರುವುದಿದ್ದರೆ ಬೆಳಿಗ್ಗೆಯೇ ಬರಬೇಕಿತ್ತು.

"ಹದಿನಾಲ್ಕು!" ಠಣ್.

ಬಂಡೆಯ ಮೇಲಿದ್ದವರೆಲ್ಲ ಕುರಿಗಳನ್ನು ನೋಡುತ್ತಿದ್ದರು, ಹೊಳೆಯನ್ನಲ್ಲ. ಎಮ್ಲಿನ್ ಒಂದು ಮುದಿ ಕುರಿಯ ಗದ್ದ ಹಿಡಿದು ಬೈಯುತ್ತಿದ್ದ. ನೀರಿನ ಮೇಲೆ ಒಂದು ಓಕ್ ಎಲೆ ಬಂತು. ಹಸಿರು ಎಲೆ, ಹರಿದದ್ದು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಕಂದು ನೊರೆಯ ಮುದ್ದೆ. ಲೀಸಿ ಬೆರಳದ್ದಿ ಮೂಸಿದಳು. ಹಸಿ ಮಣ್ಣಿನ ವಾಸನೆ.

ಇನ್ನೂ ಮೀನಮೇಷ ಎಣಿಸಿದಳು ಆ ಹೆಂಗಸು! ಅದನ್ನೂ ಹೇಳಿಯೇಬಿಡಬೇಕು. ಮೊದಲ ನೊರೆ ಬಂದಮೇಲೂ ಅವಳ ಮನಸ್ಸು ಒಂದು ಸಂದು ಹುಡುಕಿತು. ಪ್ರವಾಹ ಬರುತ್ತಿದೆ ಎಂದು ಕೂಗಿದರೆ ಸಾಕಲ್ಲ! ಎಮ್ಲಿನ್ ದಡಕ್ಕೆ ಬರುತ್ತಾನೆ, ಹಗ್ಗದ ಸುದ್ದಿ ಯಾಕೆ ಎತ್ತಬೇಕು? ಎಷ್ಟು ಸುಲಭ!

"ಹದಿನೈದು!" ಎಂದ ಶಾಡ್ರಾಕ್, ಕಲ್ಲು ಎಸೆದ. ಆ ಠಣ್ ಕೇಳಿಸಲಿಲ್ಲ. ಮೇಲಿನ ತಿರುವಿನಿಂದ ಬಂಡಿ ಉರುಳಿದಂಥ ಸದ್ದು ಬರುತ್ತಿತ್ತು.

"ನೀರು!" ಎಂದು ಲೀಸಿ ಕಿರುಚಿದಳು. "ಕ್ಲೆಟೂರ್ ಬಂತು! ಎಮ್ಲಿನ್, ಮೇಲೆ ಬಾ!"

ಎಲ್ಲರೂ ತಿರುಗಿದರು. ತಿರುವಿನಲ್ಲಿ ಕಂದು ನೀರು ಮೊಳದೆತ್ತರ ಮಡಿಕೆಯಾಗಿ, ಕೊಂಬೆ, ಬೇಲಿ, ಹುಲ್ಲು ಹೊತ್ತು ಬರುತ್ತಿತ್ತು. ಎಬೆನ್ ದುರಹಂಕಾರಿಯಿರಬಹುದು, ಪುಕ್ಕಲನಲ್ಲ. ಬಂಡೆಗೆ ಹಾರಿ ಹಗ್ಗಕ್ಕೆ ಕೈ ಹಾಕಿದ. "ಬನ್ರೋ! ಎಳೀರಿ! ಅವನನ್ನ ಹಾಗೇ ಮೇಲಕ್ಕೆ ಎಳ್ಕೊಂಬಿಡೋಣ!" ಐದು ಗಂಡಸರು ಸಾಲಾಗಿ ಹಗ್ಗ ಹಿಡಿದರು.

ಎಮ್ಲಿನ್ ಕೂಡ ಅದನ್ನೇ ನಂಬಿದ. ಹುಟ್ಟನ್ನು ಒಳಗೆ ಹಾಕಿ, ಎರಡೂ ಕೈಯಲ್ಲಿ ಹಲಗೆ ಹಿಡಿದು ಬಗ್ಗಿ ಕೂತ. ನೀರು ಅವನನ್ನು ಮುಟ್ಟಿತು. ಹರಿಗೋಲು ಕುದುರೆಯ ಹಾಗೆ ಮುಂಗಾಲೆತ್ತಿತು. ಹಗ್ಗ ಮೊದಲ ಸಲ ನೀರಿಂದ ಪೂರ್ತಿ ಮೇಲೆದ್ದು ಬಿಗಿಯಾಯಿತು. ಪಟ್ ಎಂದಿತು ಏನೋ. ಪಟ್, ಪಟ್. ಬೇರೆ ಯಾರಿಗೂ ಅದು ಕೇಳುವ ಸದ್ದಲ್ಲ. ಒಂದೊಂದೇ ಕೂದಲು ಮುರಿದು ಹಗ್ಗದ ಮೈಯೆಲ್ಲ ಮುಳ್ಳೇಳುತ್ತಿತ್ತು.

ಅರ್ಧ ಸತ್ಯ ಹೇಳಿದ್ದಕ್ಕೆ ಎಮ್ಲಿನ್ ಹಗ್ಗ ನಂಬಿ ಹುಟ್ಟು ಕೆಳಗಿಟ್ಟಿದ್ದ. ಅದು ಹೊಳೆದ ಕ್ಷಣ ಲೀಸಿಯ ಬಾಯಿ ತಾನಾಗಿ ತೆರೆಯಿತು.

"ಎಳೀಬೇಡಿ! ಬಿಡ್ರೋ! ಹೆಣ್ಣು ಕುದುರೆ! ಎಮ್ಲಿನ್, ಅದು ಹೆಣ್ಣು ಕುದುರೆ ಬಾಲ!"

ಬೇರೆ ಊರಿನವರಾದರೆ ಹುಚ್ಚು ಹಿಡಿಯಿತು ಎಂದುಕೊಳ್ಳುತ್ತಿದ್ದರು. ಐದು ಜೊತೆ ಕೈ ಕೆಂಡ ಮುಟ್ಟಿದ ಹಾಗೆ ಹಗ್ಗ ಬಿಟ್ಟವು. ಎಮ್ಲಿನ್ ತಲೆ ಎತ್ತಿದ. ಅಕ್ಕನ ಮುಖ ಅಷ್ಟು ದೂರದಿಂದ ಅವನಿಗೆ ಕಂಡಿತೋ ಇಲ್ಲವೋ, ಮಾತು ಮುಟ್ಟಿತು. ತಾನಾಗಿ ಹರಿಯುವ ಹಗ್ಗ ಯಾವ ಗಳಿಗೆಯಲ್ಲಿ ಹರಿಯುತ್ತದೆಂದು ಯಾರಿಗೆ ಗೊತ್ತು? ಹರಿದಾಗ ಹುಟ್ಟು ಕೈಯಲ್ಲಿರದಿದ್ದರೆ ನೇರ ಗಂಟಲಿಗೇ. ಅವನು ಒಂದು ಕೈಯಲ್ಲಿ ಹುಟ್ಟು ಎತ್ತಿ ಕಂಕುಳಲ್ಲಿ ಅವುಚಿ, ಸೊಂಟದ ಚಾಕು ತೆಗೆದು ಹಗ್ಗವನ್ನು ತಾನೇ ಕತ್ತರಿಸಿದ.

ಹರಿಗೋಲು ತಿರುಗಿತು. ಒಂದು ಸುತ್ತು, ಎರಡು ಸುತ್ತು. ಹೆಟಿ ದಡದಲ್ಲಿ ಗಂಡನ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಅವನು ಪ್ರವಾಹಕ್ಕೆ ಎದುರು ಹೋಗಲಿಲ್ಲ. ಅದರ ಜೊತೆಗೇ ಓರೆಯಾಗಿ, ಹುಟ್ಟನ್ನು ಎಂಟರ ಅಂಕಿಯ ಹಾಗೆ ತಿರುವುತ್ತ ತಿರುವುತ್ತ ನಮ್ಮ ದಡದ ಆಲ್ಡರ್ ಮರದ ಕಡೆ ಜರುಗಿದ. ಮರದಿಂದ ಕಪ್ಪು ಬಂಡೆಗೆ ಮೂರು ಮಾರು. ಹರಿಗೋಲು ಬೇರಿಗೆ ಬಡಿಯಿತು, ಮಗುಚಿತು. ಮುದಿ ಕುರಿ, ಹರಿಗೋಲು, ಹುಟ್ಟು ಮೂರೂ ಗಂಟಲಿನೊಳಗೆ ಹೋದವು. ಎಮ್ಲಿನ್ ಕಾಣಲಿಲ್ಲ.

ಲೀಸಿ ಅಷ್ಟರಲ್ಲಿ ದಡದಗುಂಟ ಆ ಮರದವರೆಗೆ ಓಡಿ ಎದೆಯುದ್ದ ನೀರಿಗೆ ಇಳಿದಿದ್ದಳು. ಒಂದು ಕೈಯಲ್ಲಿ ಮರದ ಬೇರು, ಇನ್ನೊಂದರಲ್ಲಿ ಏನೋ ಬಟ್ಟೆ ಸಿಕ್ಕಿತು. ಅಂಗಿಯ ಕಾಲರು. ಹಿಡಿದಳು. ಅದೇನು ಹಿಡಿತವೆಂದರೆ ಆಮೇಲೆ ಎಬೆನ್ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ದಡದಲ್ಲಿ ಮಲಗಿಸಿದಾಗ ಎಮ್ಲಿನ್ ನೀರು ಕಕ್ಕಿ, ಕೆಮ್ಮಿ, ಕಣ್ಣು ಬಿಟ್ಟ. "ಅಕ್ಕಾ," ಎಂದ. ಅವಳು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಮೂಗು ಬಾಯಿ ಎಲ್ಲ ಒರೆಸಿದಳು, ಮೂರು ವರ್ಷದವನನ್ನು ಒರೆಸಿದ ಹಾಗೆ.

"ಹೆಣ್ಣು ಕುದುರೆ!" ಎಬೆನ್‌ಗೆ ಈಗ ಉಸಿರು ಬಂತು. "ನನ್ನ ಮೆದೆಗೆ ಹೆಣ್ಣು ಕುದುರೆ ಬಾಲ ಹೊಸೆದ್ಯಾ? ಅದಕ್ಕೆ ಬಣ್ಣ ಬೇರೆ! ಥೂ, ನಾಚಿಕೆ ಆಗಲ್ವಾ ನಿಂಗೆ?"

"ಆಗತ್ತೆ," ಎಂದಳು ಲೀಸಿ.

"ಸಾಕು ಬಾಯ್ಮುಚ್ಚೋ ಎಬೆನ್!" ಗೋಡೆಯಿಂದಿಳಿದು ಬಂದ ಶಾಡ್ರಾಕ್ ಗದರಿದ. "ಇಡೀ ಊರಿನ ಮುಂದೆ ತನ್ನ ಹೆಸರಿಗೆ ತಾನೇ ಕೊಳ್ಳಿ ಇಟ್ಟು ತಮ್ಮನನ್ನ ಉಳಿಸ್ಕೊಂಡ್ಲು. ನೀನಾಗಿದ್ರೆ ಹೇಳ್ತಿದ್ಯಾ? ನಾನಾಗಿದ್ರೆ ಹೇಳ್ತಿದ್ನಾ?" ಹೆಂಗಸರು ಹೌದು ಹೌದು ಎಂದರು. ಹೆಟಿ ಅಳುತ್ತ ಲೀಸಿಯ ಕೈಗೆ ಮುತ್ತಿಟ್ಟಳು.

ಎಮ್ಲಿನ್ ಎದ್ದು ಕೂತ. ಹಲ್ಲು ಕಟಕಟ ಎನ್ನುತ್ತಿದ್ದವು. "ಶಾಡ್ರಾಕ್, ಡಬ್ಬೀಲಿ ಎಷ್ಟು ಕಲ್ಲು?"

"ಹದಿನೈದು. ಈಗ್ಯಾಕೋ ಕುರಿ ಲೆಕ್ಕ?"

"ನಾನು ಹುಟ್ಟು ಬೀಸಿದಾಗ ನೀನು ಹನ್ನೊಂದು ಕೂಗಿದ್ದೆ ಅಲ್ವಾ?"

"ಹೂಂ, ಹನ್ನೊಂದು."

ಅವನು ತಿರುಗಿ ಅವಳನ್ನು ನೋಡಿದ. ಬೇರೆಯವರು ಆಗಲೇ ಚದುರಿದ ಹಿಂಡಿನ ಹಿಂದೆ ಓಡುತ್ತಿದ್ದರು. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ.

"ನಾಲ್ಕು ಕಲ್ಲು, ಲೀಸಿ."

ಹುಟ್ಟಿದಾಗಿನಿಂದ ಅವನು ಅವಳ ಹೆಸರು ಹಿಡಿದು ಕರೆದಿರಲಿಲ್ಲ. ನಾಲ್ಕು ಕಲ್ಲೆಂದರೆ ಎಂಬತ್ತು ಕುರಿ, ಅಷ್ಟು ತೊಳೆಯುವ ಹೊತ್ತೆಲ್ಲ ಅವಳು ತಮ್ಮನ ಜೀವವನ್ನೂ ತನ್ನ ಹೆಸರನ್ನೂ ತಕ್ಕಡಿಯಲ್ಲಿಟ್ಟು ನೋಡಿದ್ದಳು. ಅವನು ಹೆಂಡತಿಯ ಹೆಗಲು ಹಿಡಿದು ಮನೆಗೆ ಹೋದ.

ಇನ್ನು ಊರಿನ ತಮಾಷೆ ನೋಡಿ. ಲೀಸಿಯ ಕಸುಬು ಮುಳುಗಲಿಲ್ಲ, ಎದ್ದಿತು! ಮುಂದಿನ ಭಾನುವಾರ ಪ್ರಾರ್ಥನೆಯ ಮನೆಯಲ್ಲಿ ಪಾದ್ರಿ ಅವಳ ಹೆಸರೆತ್ತದೆ ಅವಳನ್ನೇ ಹೊಗಳಿದರು. ಸತ್ಯ ಹೇಳಿದ ಕೈ ಹೊಸೆದ ಹಗ್ಗ ಎಂದು ಪಕ್ಕದ ಕಣಿವೆಯವರೂ ಕೇಳಿಕೊಂಡು ಬಂದರು. ಎಬೆನ್ ಕೂಡ ಎರಡು ತಿಂಗಳು ಮುಖ ಊದಿಸಿಕೊಂಡಿದ್ದು ಮತ್ತೆ ಮೆದೆ ಹಗ್ಗಕ್ಕೆ ಅವಳ ಬಾಗಿಲಿಗೇ ಬಂದ. ಯಾರಾದರೂ ಹೊಗಳಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ವಿನಯ ಎಂದುಕೊಂಡರು ಜನ.

ಎಮ್ಲಿನ್ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಜಗಳವಾಡಲಿಲ್ಲ. ಮೀನು ಸಿಕ್ಕಿದರೆ ಹೆಟಿಯ ಕೈಯಲ್ಲಿ ಒಂದು ತುಂಡು ಕಳಿಸುವನು, ದಾರಿಯಲ್ಲಿ ಸಿಕ್ಕರೆ "ಏನು ಲೀಸಿ, ಚಳಿ ಜೋರು" ಎನ್ನುವನು. ಬೆಳಗಿನ ಚಹಾಕ್ಕೆ ಬರುವುದು ನಿಂತಿತು. ಅವಳು ಚಳಿಗಾಲವಿಡೀ ದಿನವೂ ಎರಡು ಲೋಟ ಚಹಾ ಮಾಡಿ ಒಂದನ್ನು ಅಂಗಳಕ್ಕೆ ಚೆಲ್ಲಿದಳು. ಜಗಳವಾದರೂ ಆಡಬಾರದೇ ಎಂದು ಅವಳಿಗೆ ಅಳು ಬರುತ್ತಿತ್ತು.

ಮತ್ತೆ ಜೂನ್ ಬಂತು, ಮತ್ತೆ ಕುರಿ ತೊಳೆಯುವ ದಿನ. ಈ ಸಲ ಹೊಳೆ ಮಳೆಗೆ ಅರ್ಧ ತುಂಬಿ ಟೀ ಬಣ್ಣದಲ್ಲಿ ಜೋರಾಗಿಯೇ ಹರಿಯುತ್ತಿತ್ತು. ಎಮ್ಲಿನ್ ಹೊಸ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ಬಂದ. ಕೈಯಲ್ಲಿ ಆಬೆರ್‌ಟೈವಿ ಅಂಗಡಿಯ ಬಿಳಿ ಯಂತ್ರದ ಹಗ್ಗ. ಲೀಸಿ ದೂರದಲ್ಲಿ ಬ್ರೆಡ್ಡಿನ ಬುಟ್ಟಿಯ ಹತ್ತಿರ ನಿಂತಿದ್ದಳು. ಅವನು ಹಗ್ಗದ ಒಂದು ತುದಿ ಹಲಗೆಗೆ ಕಟ್ಟಿದ. ಇನ್ನೊಂದು ತುದಿ ಹಿಡಿದು, ಉಂಗುರ ದಾಟಿ, ನೇರ ಅವಳ ಮುಂದೆ ಬಂದು ನಿಂತ.

"ಉಂಗುರ ಅಲ್ಲಿದೆಯಲ್ಲೋ!" ಎಂದ ಎಬೆನ್.

"ಇರ್ಲಿ," ಎಂದ ಎಮ್ಲಿನ್. ಅವಳ ಕೈಗೆ ಹಗ್ಗ ಕೊಟ್ಟ. "ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕ್ಕೋ. ಬಂಡೆಗೆ ಕಾಲು ಕೊಟ್ಟು ನಿಂತ್ಕೋ. ನಾನು ಹೋದ್ರೆ ನೀನೂ ಬರ್ತೀಯ. ಇವತ್ತು ಎಷ್ಟು ಕಲ್ಲು ತಗೋತೀಯ ನೋಡೋಣ."

"ಇವಳಿಗೆ ಐವತ್ಮೂರು ಕಣ್ರೀ, ಇದೆಂಥ ಹುಚ್ಚು!" ಎಂದಳು ಹೆಟಿ. ಲೀಸಿ ಅವಳನ್ನು ಸುಮ್ಮನಿರು ಎಂದು ಕೈಯಿಂದ ಸರಿಸಿದಳು. ಎರಡು ಸುತ್ತು ಸುತ್ತಿದಳು, ಬಿಚ್ಚಲು ಬಾರದ ಗಂಟು ಹಾಕಿದಳು, ಹೋಗಿ ಬಂಡೆಯ ಅಂಚಿಗೆ ಕಾಲು ಕೊಟ್ಟು ನಿಂತಳು. ಎಮ್ಲಿನ್ ನೀರಿಗಿಳಿದ.

ಆ ವರ್ಷ ಇಪ್ಪತ್ತೆರಡು ಕಲ್ಲಿನಷ್ಟು ಕುರಿ. ಮುಗಿಯುವಾಗ ಮಧ್ಯಾಹ್ನ ಮೂರಾಗಿತ್ತು. ಅವಳು ಕೂರಲಿಲ್ಲ, ನೀರು ಕುಡಿಯಲಿಲ್ಲ, ಹಗ್ಗದಿಂದ ಕಣ್ಣು ತೆಗೆಯಲಿಲ್ಲ. ಹೊಳೆ ಅವನನ್ನು ಎಳೆದಾಗಲೆಲ್ಲ ಹಗ್ಗ ಅವಳ ಸೊಂಟವನ್ನು ಕೊಯ್ಯುತ್ತಿತ್ತು, ಬಟ್ಟೆಯೊಳಗೆ ರಕ್ತ ಬಂದದ್ದು ರಾತ್ರಿ ಬಿಚ್ಚಿದಾಗಲೇ ತಿಳಿದದ್ದು. ಒಂದು ವರ್ಷದಿಂದ ಇಲ್ಲದ ನೆಮ್ಮದಿ ಆ ನೋವಿನಲ್ಲಿ ಅವಳಿಗೆ ಸಿಕ್ಕಿತು. ಮುಂದೆ ಹನ್ನೊಂದು ವರ್ಷ, ಮೊಣಕಾಲು ಸೋಲುವವರೆಗೂ, ಪ್ರತಿ ಜೂನ್‌ನಲ್ಲೂ ಅವಳೇ ಅಲ್ಲಿ ನಿಂತಳು.